ಲಿಸ್ಬನ್ ಬಂದರಿನಲ್ಲಿ ಒಂದು ದಿನ: ನಮ್ಮ ಕಾಳುಮೆಣಸು ಹೋದ ದಾರಿ



ಜನವರಿ ಕಳೆಯುತ್ತಿದ್ದಂತೆ ಶಿರಸಿ–ಸಿದ್ದಾಪುರ ಸೀಮೆಯ ಹೇರೂರಿನ ಕಡೆ ಅಡಿಕೆ ತೋಟಗಳಲ್ಲಿ ಕಾಳುಮೆಣಸಿನ ಕೊಯ್ಲು ಶುರುವಾಗುತ್ತದೆ. ಅಂಗಳದಲ್ಲಿ ಹಸಿರು ಕಾಳು ಬಿಸಿಲಿಗೆ ಬಿದ್ದು ನಾಲ್ಕೈದು ದಿನಗಳಲ್ಲಿ ಕಪ್ಪಗಾಗುತ್ತದೆ. ಆ ಅಂಗಳ ದಾಟಿ ಶಾಲೆಗೆ, ಮದರಸಕ್ಕೆ ಹೋಗುವ ಮಕ್ಕಳನ್ನು ನಿಲ್ಲಿಸಿ, "ಈ ಮೆಣಸು ಎಲ್ಲಿಗೆ ಹೋಗುತ್ತದೆ?" ಎಂದು ಕೇಳಿದರೆ, "ಶಿರಸಿ ಪೇಟೆಗೆ" ಎನ್ನುತ್ತಾರೆ. ಉತ್ತರ ಸರಿಯೇ. ಆದರೆ ಐದು ನೂರು ವರ್ಷಗಳ ಹಿಂದೆ ಇದೇ ಪ್ರಶ್ನೆಯನ್ನು ಘಟ್ಟ ಇಳಿಯುವ ಹೇರೆತ್ತಿನ ಹಿಂದೆ ನಡೆಯುತ್ತಿದ್ದ ಮನುಷ್ಯನಿಗೆ ಕೇಳಿದ್ದರೆ ಅವನು "ಗೇರುಸೊಪ್ಪೆಗೆ" ಎನ್ನುತ್ತಿದ್ದ. ಗೇರುಸೊಪ್ಪೆಯ ದೋಣಿಯವನು "ಹೊನ್ನಾವರಕ್ಕೆ" ಎನ್ನುತ್ತಿದ್ದ. ಹೊನ್ನಾವರದ ವರ್ತಕ ಸಮುದ್ರದ ಕಡೆ ಕೈ ತೋರಿಸುತ್ತಿದ್ದ. ಆ ಕೈ ತೋರಿಸಿದ ದಿಕ್ಕಿನ ಕೊನೆಯ ಬಂದರುಗಳಲ್ಲಿ ಒಂದು ಲಿಸ್ಬನ್. ಪೋರ್ಚುಗಲ್ ದೇಶದ ರಾಜಧಾನಿ, ಯುರೋಪಿನ ಅತ್ಯಂತ ಹಳೆಯ ನಗರಗಳಲ್ಲೊಂದು.

ಇಂದು ದೊಡ್ಡ ದೊಡ್ಡ ಪ್ರವಾಸಿ ಹಡಗುಗಳು ಬೆಳಿಗ್ಗೆ ಲಿಸ್ಬನ್‌ಗೆ ಬಂದು ಸಂಜೆ ಹೊರಡುತ್ತವೆ. ಪ್ರಯಾಣಿಕರಿಗೆ ನೆಲದ ಮೇಲೆ ಕಳೆಯಲು ಸಿಗುವುದು ಎಂಟು ಒಂಬತ್ತು ಗಂಟೆ. ಈ ಲೇಖನದಲ್ಲಿ ನಿಮ್ಮನ್ನು ಅಂಥ ಒಂದು ದಿನದ ಮಟ್ಟಿಗೆ ಅಲ್ಲಿಗೆ ಕರೆದೊಯ್ಯುತ್ತೇನೆ. ಪಾಸ್‌ಪೋರ್ಟ್ ಬೇಡ, ಟಿಕೆಟ್ ಬೇಡ. ಜೇಬಿನಲ್ಲಿ ನಾಲ್ಕು ಕಾಳು ಮೆಣಸು ಹಾಕಿಕೊಂಡರೆ ಸಾಕು. ದಾರಿಯನ್ನು ಅದೇ ತೋರಿಸುತ್ತದೆ.

ಬೆಳಿಗ್ಗೆ: ಅರಬ್ಬಿ ಹೆಸರಿನ ಬೀದಿಗಳು

ನಮ್ಮ ಹಡಗು ಅಟ್ಲಾಂಟಿಕ್ ಸಾಗರದಿಂದ ಟೇಗಸ್ ನದಿಯೊಳಗೆ ಬರುತ್ತದೆ. ಪೋರ್ಚುಗೀಸರು ಈ ನದಿಯನ್ನು ತೇಜು ಎನ್ನುತ್ತಾರೆ. 1966ರಲ್ಲಿ ಕಟ್ಟಿದ ಕೆಂಪು ಬಣ್ಣದ ತೂಗುಸೇತುವೆಯ ಕೆಳಗೆ ಹಾದು, 2017ರಲ್ಲಿ ತೆರೆದ ಹೊಸ ಪ್ರಯಾಣಿಕರ ನಿಲ್ದಾಣದ ದಕ್ಕೆಗೆ ಹಡಗು ತಾಗುತ್ತದೆ. ಇಳಿದು ರಸ್ತೆ ದಾಟಿದರೆ ಎದುರಿಗೇ ಒಂದು ಗುಡ್ಡ. ಅದರ ಮೈತುಂಬ ಇಕ್ಕಟ್ಟಾದ ಓಣಿಗಳು, ಮೆಟ್ಟಿಲುಗಳು, ಬಟ್ಟೆ ಒಣಗಿಸಿದ ಕಿಟಕಿಗಳು. ಈ ಕೇರಿಯ ಹೆಸರು ಅಲ್ಫಾಮಾ.

ಹೆಸರನ್ನು ಇನ್ನೊಮ್ಮೆ ಹೇಳಿ ನೋಡಿ. ಅದು ಅರಬ್ಬಿಯ "ಅಲ್ ಹಮ್ಮಾ" ಎಂಬ ಶಬ್ದದಿಂದ ಬಂದದ್ದು. ಬಿಸಿನೀರಿನ ಚಿಲುಮೆ, ಸ್ನಾನದ ಮನೆ ಎಂದು ಅರ್ಥ. 8ನೇ ಶತಮಾನದ ಆರಂಭದಿಂದ 1147ರ ತನಕ, ನಡುವೆ ಕೆಲವು ಸಲ ಕೈ ಬದಲಾದರೂ, ಈ ನಗರ ಮುಸ್ಲಿಂ ಆಳ್ವಿಕೆಯಲ್ಲಿತ್ತು. ಅರಬ್ಬಿ ಗ್ರಂಥಗಳಲ್ಲಿ ಇದರ ಹೆಸರು ಅಲ್ ಉಷ್ಬೂನಾ. ಮುಸ್ಲಿಮರು, ಕ್ರೈಸ್ತರು, ಯಹೂದಿಗಳು ಮೂವರೂ ಇಲ್ಲಿ ಬಾಳುತ್ತಿದ್ದರು.

1154ರಲ್ಲಿ ಸಿಸಿಲಿಯ ದೊರೆ ರೋಜರನಿಗಾಗಿ ಭೂಗೋಳ ಗ್ರಂಥವನ್ನು ಮುಗಿಸಿದ ಅಲ್ ಇದ್ರೀಸಿ ಈ ನಗರದ ಒಂದು ಸ್ವಾರಸ್ಯಕರ ಸಂಗತಿಯನ್ನು ಹೇಳುತ್ತಾನೆ. ಲಿಸ್ಬನ್ನಿನ ಎಂಟು ಮಂದಿ ದಾಯಾದಿಗಳು ಹಡಗು ಕಟ್ಟಿಕೊಂಡು, ಸಾಗರದ ಕೊನೆ ಎಲ್ಲಿದೆ ನೋಡೋಣ ಎಂದು ಅಟ್ಲಾಂಟಿಕ್‌ಗೆ ಇಳಿದರಂತೆ. ಯಾವುದೋ ದ್ವೀಪಗಳನ್ನು ಕಂಡು, ಸೆರೆ ಸಿಕ್ಕಿ, ಕೊನೆಗೆ ಆಫ್ರಿಕದ ತೀರದ ಮೂಲಕ ಮರಳಿದರಂತೆ. ಅವರ ನೆನಪಿಗೆ ಬಿಸಿನೀರಿನ ಚಿಲುಮೆಯ ಬಳಿಯ ಒಂದು ಬೀದಿಗೆ ಅವರ ಹೆಸರೇ ಇತ್ತೆಂದು ಇದ್ರೀಸಿ ಬರೆದಿದ್ದಾನೆ. ಅಂದರೆ ನಾವೀಗ ನಿಂತಿರುವ ಇದೇ ಆಸುಪಾಸಿನಲ್ಲಿ. ಲಿಸ್ಬನ್ ಎಂದೊಡನೆ ವಾಸ್ಕೊ ಡ ಗಾಮಾ ನೆನಪಾಗುತ್ತಾನೆ. ಅವನಿಗೆ ಮುನ್ನೂರು ವರ್ಷಕ್ಕೂ ಹಿಂದೆ ಇದೇ ದಡದಿಂದ ಕತ್ತಲೆಯ ಸಾಗರಕ್ಕೆ ಇಳಿದ ಈ ಎಂಟು ಮಂದಿಯ ಹೆಸರು ಇಂದು ಯಾರಿಗೂ ಗೊತ್ತಿಲ್ಲ. ಬೀದಿಯ ಹೆಸರೂ ಉಳಿಯಲಿಲ್ಲ. ಉಳಿದದ್ದು ಒಬ್ಬ ವಿದ್ವಾಂಸ ಬರೆದಿಟ್ಟ ಕೆಲವು ಸಾಲು ಮಾತ್ರ. ಈ ಮಾತನ್ನು ನೆನಪಿಡಿ, ಸಂಜೆ ಮತ್ತೆ ಬೇಕಾಗುತ್ತದೆ.

ಮೆಟ್ಟಿಲು ಹತ್ತಿದರೆ ನಗರದ ಹಳೆಯ ಪ್ರಧಾನ ಚರ್ಚು ಸಿಗುತ್ತದೆ. 1147ರ ನಂತರ, ಮುಖ್ಯ ಮಸೀದಿ ಇದ್ದ ಜಾಗದಲ್ಲಿ ಇದನ್ನು ಕಟ್ಟಿದರು. ಚರ್ಚಿನ ಹಿಂಭಾಗದ ಅಂಗಳವನ್ನು ಪುರಾತತ್ವ ತಜ್ಞರು ಅಗೆದಾಗ ಮೇಲಿನ ಪದರದ ಕೆಳಗೆ ಮುಸ್ಲಿಂ ಕಾಲದ ಗೋಡೆಗಳು, ಅದರ ಕೆಳಗೆ ರೋಮನ್ನರ ಕಾಲದ ಬೀದಿ ಕಂಡವು. ಒಂದೇ ನೆಲ, ಮೂರು ಕಾಲ.

ಇನ್ನೂ ಮೇಲೆ ಹೋದರೆ ಸಾವ್ ಜಾರ್ಜ್ ಕೋಟೆ. ಇದರ ಮೂಲ ಗೋಡೆಗಳನ್ನು ಕಟ್ಟಿಸಿದವರು 11ನೇ ಶತಮಾನದ ಮುಸ್ಲಿಂ ಆಡಳಿತಗಾರರು. ಕೋಟೆಯೊಳಗೆ ಆ ಕಾಲದ ಮನೆಗಳ ಅಡಿಪಾಯಗಳನ್ನು ಅಗೆದು ಕಾಪಾಡಿದ್ದಾರೆ. 1147ರ ಬೇಸಿಗೆಯಲ್ಲಿ ಪೋರ್ಚುಗಲ್ಲಿನ ಮೊದಲ ದೊರೆ ಅಫೊನ್ಸೊ ಹೆನ್ರಿಕ್ ಈ ನಗರಕ್ಕೆ ಮುತ್ತಿಗೆ ಹಾಕಿದ. ಜೆರುಸಲೇಮಿನತ್ತ ಶಿಲುಬೆ ಯುದ್ಧಕ್ಕೆ ಹೊರಟಿದ್ದ ಇಂಗ್ಲೆಂಡ್, ಜರ್ಮನಿ, ಫ್ಲಾಂಡರ್ಸ್ ಕಡೆಯ ಸೈನಿಕರು ದಾರಿಯಲ್ಲಿ ಅವನ ಜೊತೆ ಸೇರಿದರು. ನಾಲ್ಕು ತಿಂಗಳ ಬಳಿಕ, ಅಕ್ಟೋಬರ್ ಕೊನೆಯಲ್ಲಿ, ಹಸಿವಿನಿಂದ ನರಳಿದ ನಗರ ಶರಣಾಯಿತು. ಒಪ್ಪಂದವಾಗಿದ್ದರೂ ಒಳಗೆ ನುಗ್ಗಿದವರು ಲೂಟಿ ಮಾಡಿದರು. ಆ ಗದ್ದಲದಲ್ಲಿ ಸತ್ತವರಲ್ಲಿ ನಗರದ ಕ್ರೈಸ್ತರ ವೃದ್ಧ ಬಿಷಪ್ ಕೂಡ ಒಬ್ಬ. ಮುಸ್ಲಿಂ ಆಳ್ವಿಕೆಯಲ್ಲಿ ಬದುಕಿ ಉಳಿದ ಧರ್ಮಗುರು ತನ್ನದೇ ಧರ್ಮದ ಸೈನಿಕರ ಕೈಯಲ್ಲಿ ಸತ್ತ. ಇದನ್ನು ಹೇಳುವುದು ಯಾವುದೋ ಅರಬ್ಬಿ ಗ್ರಂಥವಲ್ಲ. ಮುತ್ತಿಗೆಯಲ್ಲಿ ಭಾಗವಹಿಸಿದ ಒಬ್ಬ ಕ್ರೈಸ್ತನೇ ಲ್ಯಾಟಿನ್‌ನಲ್ಲಿ ಬರೆದ ಪತ್ರ. ಅದರ ಹಳೆಯ ಪ್ರತಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದೆ. ಇತಿಹಾಸವನ್ನು "ನಾವು" ಮತ್ತು "ಅವರು" ಎಂಬ ಎರಡೇ ಗೂಟಕ್ಕೆ ಕಟ್ಟುವವರಿಗೆ ಈ ಪತ್ರ ಒಳ್ಳೆಯ ಪಾಠ.

ಕೋಟೆಯಿಂದ ಇನ್ನೊಂದು ಬದಿಗೆ ಇಳಿದರೆ ಮೌರಾರಿಯಾ ಎಂಬ ಕೇರಿ. ಸೋತ ಮುಸ್ಲಿಮರಿಗೆ ಕೋಟೆಯ ಹೊರಗೆ ವಾಸಕ್ಕೆ ಬಿಟ್ಟುಕೊಟ್ಟ ಜಾಗವಿದು. 1170ರಲ್ಲಿ ಅದೇ ದೊರೆ ಅವರಿಗೆ ಹಕ್ಕುಪತ್ರ ಕೊಟ್ಟ. ತೆರಿಗೆ ಕೊಟ್ಟು ತಮ್ಮ ಧರ್ಮ ಆಚರಿಸಿಕೊಂಡು ಮುನ್ನೂರಕ್ಕೂ ಹೆಚ್ಚು ವರ್ಷ ಅವರು ಇಲ್ಲಿ ಬಾಳಿದರು. 1496ರ ಡಿಸೆಂಬರಿನಲ್ಲಿ ದೊರೆ ಮನುವೆಲ್ ಮುಸ್ಲಿಮರೂ ಯಹೂದಿಗಳೂ ದೇಶ ಬಿಡಬೇಕೆಂದು ಆಜ್ಞೆ ಹೊರಡಿಸಿದ. ಏಳು ತಿಂಗಳ ಬಳಿಕ, 1497ರ ಜುಲೈ 8ರಂದು, ಅದೇ ದೊರೆ ಕಳಿಸಿದ ವಾಸ್ಕೊ ಡ ಗಾಮಾ ಹಿಂದೂಸ್ಥಾನದ ದಾರಿ ಹುಡುಕಲು ಹೊರಟ. ತನ್ನ ಊರಿನಿಂದ ಮುಸ್ಲಿಮರನ್ನು ಹೊರಗಟ್ಟಿದ ದೊರೆಯ ಹಡಗುಗಳು, ಮೆಣಸಿಗಾಗಿ ಮುಸ್ಲಿಂ ವರ್ತಕರಿಂದ ತುಂಬಿದ ಕರಾವಳಿಗೆ ಬಂದವು. ಈ ಎರಡು ತಾರೀಖುಗಳನ್ನು ಜೊತೆಯಾಗಿ ಓದಿದರೆ ಮುಂದಿನ ನೂರು ವರ್ಷಗಳ ಹಗೆತನದ ಮೂಲ ಅರ್ಥವಾಗುತ್ತದೆ.

ಇಂದಿನ ಮೌರಾರಿಯಾದಲ್ಲಿ ಬಾಂಗ್ಲಾದೇಶ, ಪಾಕಿಸ್ತಾನ, ಭಾರತ, ನೇಪಾಳದಿಂದ ಹೋದವರ ಅಂಗಡಿಗಳಿವೆ. ಮಸಾಲೆಯ ವಾಸನೆ ಬೀದಿಗೆ ಬರುತ್ತದೆ. ನಗರದ ಇನ್ನೊಂದು ಭಾಗದಲ್ಲಿ 1985ರಲ್ಲಿ ಕೇಂದ್ರ ಮಸೀದಿ ತೆರೆದಿದೆ. ಅದನ್ನು ಕಟ್ಟಲು ದುಡಿದವರಲ್ಲಿ ಮೊಜಾಂಬಿಕ್‌ನಿಂದ ಬಂದ ಗುಜರಾತಿ ಮೂಲದ ಮುಸ್ಲಿಮರು ಅನೇಕರು.

ಮಧ್ಯಾಹ್ನ: ಮೆಣಸಿನ ಅರಮನೆ

ಈಗ ಕೆಳಗಿನ ಪೇಟೆಗೆ ಬರೋಣ. ರೋಸಿಯು ಚೌಕದ ಬದಿಯಲ್ಲಿ ಒಂದು ಹಳೆಯ ಚರ್ಚು, ಅದರೆದುರು ಕಲ್ಲಿನ ಸಣ್ಣ ಸ್ಮಾರಕ. 1506ರ ಏಪ್ರಿಲ್‌ನಲ್ಲಿ, ಬಲವಂತವಾಗಿ ಕ್ರೈಸ್ತರಾಗಿಸಿದ್ದ ಯಹೂದಿಗಳನ್ನು ಇಲ್ಲಿ ಗುಂಪು ಸೇರಿ ಕೊಂದರು. ಐದು ನೂರು ವರ್ಷ ಆದ ಮೇಲೆ, 2008ರಲ್ಲಿ, ಆ ಸ್ಮಾರಕವನ್ನು ಇಲ್ಲಿ ನಿಲ್ಲಿಸಿದರು. ತನ್ನ ತಪ್ಪನ್ನು ಕಲ್ಲಿನಲ್ಲಿ ಬರೆದು ಪೇಟೆಯ ನಡುವೆ ನಿಲ್ಲಿಸಿಕೊಳ್ಳಲು ಒಂದು ನಗರಕ್ಕೂ ಧೈರ್ಯ ಬೇಕು.

ಅಲ್ಲಿಂದ ನೆಟ್ಟಗಿನ ಬೀದಿಯಲ್ಲಿ ನಡೆದರೆ ನದಿಯ ದಡದ ವಿಶಾಲ ಚೌಕ. ಮೂರು ಕಡೆ ಕಮಾನುಗಳ ಹಳದಿ ಕಟ್ಟಡ, ನಾಲ್ಕನೆಯ ಕಡೆ ನೀರು. ಇದು ವ್ಯಾಪಾರದ ಚೌಕ. ಹಳಬರು ಇಂದಿಗೂ ಇದನ್ನು ಅರಮನೆ ಅಂಗಳ ಎಂದೇ ಕರೆಯುತ್ತಾರೆ. ಏಕೆಂದರೆ ಇಲ್ಲಿ ಮನುವೆಲ್ ದೊರೆಯ ಅರಮನೆ ಇತ್ತು. ಅರಮನೆಗೆ ತಾಗಿಕೊಂಡೇ ಒಂದು ಕಚೇರಿ ಮತ್ತು ಉಗ್ರಾಣ. ಅದರ ಹೆಸರು ಕಾಜಾ ದ ಇಂಡಿಯಾ, ಅಂದರೆ ಇಂಡಿಯಾ ಮನೆ. ಜೇಬಿನ ಮೆಣಸಿನ ಕಾಳನ್ನು ಈಗ ಹೊರಗೆ ತೆಗೆಯಿರಿ. ಇದು ಅದರ ಹಳೆಯ ವಿಳಾಸ.

ವ್ಯವಸ್ಥೆ ಹೀಗಿತ್ತು. ಮಾರ್ಚ್–ಏಪ್ರಿಲ್‌ನಲ್ಲಿ ಲಿಸ್ಬನ್ ಬಿಟ್ಟ ಹಡಗುಗಳು ಆಫ್ರಿಕವನ್ನು ಸುತ್ತಿ, ನೈಋತ್ಯ ಮುಂಗಾರಿನ ಗಾಳಿ ಹಿಡಿದು, ಸೆಪ್ಟೆಂಬರ್ ಹೊತ್ತಿಗೆ ಗೋವೆಗೆ ಬರುತ್ತಿದ್ದವು. ಡಿಸೆಂಬರ್–ಜನವರಿಯಲ್ಲಿ ಮೆಣಸು ತುಂಬಿಕೊಂಡು ಈಶಾನ್ಯ ಗಾಳಿಯಲ್ಲಿ ಹೊರಟು ಮಾರನೆಯ ಬೇಸಿಗೆಗೆ ಲಿಸ್ಬನ್ ಸೇರುತ್ತಿದ್ದವು. ಹೋಗಿ ಬರಲು ಸುಮಾರು ಒಂದೂವರೆ ವರ್ಷ. ಮೆಣಸಿನ ವ್ಯಾಪಾರ ದೊರೆಯ ಏಕಸ್ವಾಮ್ಯ. ಬಂದ ಮೆಣಸನ್ನು ಇಂಡಿಯಾ ಮನೆಯಲ್ಲಿ ತೂಗಿ, ಲೆಕ್ಕ ಬರೆದು, ದೊರೆಯ ಹೆಸರಿನಲ್ಲಿ ಯುರೋಪಿನ ವರ್ತಕರಿಗೆ ಮಾರುತ್ತಿದ್ದರು. ಹಡಗಿನ ಒಬ್ಬೊಬ್ಬ ನಾವಿಕನ ಸಂಬಳವೂ ಪುಸ್ತಕದಲ್ಲಿ ಏರುತ್ತಿತ್ತು.

ಈ ವ್ಯಾಪಾರಕ್ಕೆ ಇನ್ನೊಂದು ಮುಖವೂ ಇದೆ. ಅರಬ್ಬಿ ಸಮುದ್ರದಲ್ಲಿ ನೂರಾರು ವರ್ಷಗಳಿಂದ ಎಲ್ಲ ಧರ್ಮದ ವರ್ತಕರೂ ತೆರೆದ ದಾರಿಯಲ್ಲಿ ಓಡಾಡುತ್ತಿದ್ದರು. ಪೋರ್ಚುಗೀಸರು ಬಂದ ಮೇಲೆ ಅವರ ಪರವಾನಗಿ ಚೀಟಿ ಇಲ್ಲದ ಹಡಗನ್ನು ಹಿಡಿಯುವುದು, ಸುಡುವುದು ಶುರುವಾಯಿತು. 1502ರ ಎರಡನೆಯ ಯಾನದಲ್ಲಿ ಗಾಮಾ ನಮ್ಮ ಭಟ್ಕಳದ ಮೇಲೆ ಅಕ್ಕಿಯ ಕಪ್ಪ ಹೇರಿದ. ಅದೇ ವರ್ಷ ಮಲಬಾರಿನ ತೀರದಲ್ಲಿ ಮಕ್ಕಾದಿಂದ ಮರಳುತ್ತಿದ್ದ ಯಾತ್ರಿಕರ ಹಡಗನ್ನು, ಹೆಂಗಸರು ಮಕ್ಕಳು ಇದ್ದಂತೆಯೇ, ಸುಡಿಸಿದ. ಇದನ್ನು ಕಣ್ಣಾರೆ ಕಂಡು ನೊಂದು ಬರೆದಿಟ್ಟವನು ಅವನ ದಂಡಿನ ಜೊತೆಗೇ ಬಂದಿದ್ದ ತೊಮೆ ಲೋಪಿಶ್ ಎಂಬವನು. 1505ರಲ್ಲಿ ಹೊನ್ನಾವರದ ಬಂದರಿನಲ್ಲಿ ನಿಂತಿದ್ದ ಹಡಗುಗಳಿಗೆ ಬೆಂಕಿ ಬಿತ್ತು. 1568–69ರ ಸುಮಾರಿಗೆ ಹೊನ್ನಾವರ, ಬಸ್ರೂರು, ಮಂಗಳೂರುಗಳಲ್ಲಿ ಪೋರ್ಚುಗೀಸ್ ಕೋಟೆಗಳು ಎದ್ದವು.

ಆ ಕಾಲದಲ್ಲಿ ಘಟ್ಟದ ಕೆಳಗಿನ ಮೆಣಸಿನ ಸೀಮೆಯನ್ನು ಆಳುತ್ತಿದ್ದವಳು ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ. ಜೈನ ಮನೆತನದ ಈಕೆ 1552ರಿಂದ 1606ರ ತನಕ 54 ವರ್ಷ ರಾಜ್ಯವಾಳಿದಳು. ಪೋರ್ಚುಗೀಸರೊಡನೆ ವ್ಯಾಪಾರವನ್ನೂ ಮಾಡಿದಳು, ಯುದ್ಧವನ್ನೂ ಮಾಡಿದಳು. ಅವರೇ ಗೇರುಸೊಪ್ಪೆಯ ರಾಣಿಯನ್ನು "ರೈನಾ ದ ಪಿಮೆಂತಾ" ಎಂದು ಕರೆದರು. ಮೆಣಸಿನ ರಾಣಿ ಎಂದರ್ಥ. ಕೊನೆಗೆ ಕೆಳದಿಯ ವೆಂಕಟಪ್ಪ ನಾಯಕನಿಂದ ಸೋತು ಸೆರೆಯಲ್ಲಿ ತೀರಿಕೊಂಡಳು. ಲಿಸ್ಬನ್ನಿನ ಈ ಚೌಕದಲ್ಲಿ ನಿಂತು ಯೋಚಿಸಿ: ಆ ಉಗ್ರಾಣದಲ್ಲಿ ತೂಗಿದ ಮೆಣಸಿನಲ್ಲಿ ನಮ್ಮ ಅಘನಾಶಿನಿ, ಶರಾವತಿ ಕಣಿವೆಗಳ ಕಾಳೂ ಇತ್ತು. ತೂಗಿದವನ ಲೆಕ್ಕ ಪುಸ್ತಕಕ್ಕೆ ಏರಿತು. ಬಳ್ಳಿಯಿಂದ ಕೊಯ್ದವನ ಹೆಸರು ಎಲ್ಲಿಯೂ ಏರಲಿಲ್ಲ.

ಇನ್ನು ಆ ಅರಮನೆ ಏನಾಯಿತು? 1755ರ ನವೆಂಬರ್ 1, ಕ್ರೈಸ್ತರ ಹಬ್ಬದ ದಿನ. ಬೆಳಿಗ್ಗೆ ಒಂಬತ್ತೂವರೆ ದಾಟಿದ ಹೊತ್ತಿಗೆ, ಚರ್ಚುಗಳು ಜನರಿಂದ ತುಂಬಿದ್ದಾಗ ಭೂಮಿ ನಡುಗಿತು. ಕಟ್ಟಡಗಳಿಗೆ ಹೆದರಿ ನದಿಯ ದಡಕ್ಕೆ ಓಡಿ ಬಂದವರನ್ನು ಸ್ವಲ್ಪ ಹೊತ್ತಿನಲ್ಲೇ ಸುನಾಮಿಯ ಅಲೆಗಳು ಎಳೆದುಕೊಂಡು ಹೋದವು. ಉರುಳಿದ ಮೇಣದ ಬತ್ತಿಗಳಿಂದ, ಒಲೆಗಳಿಂದ ಎದ್ದ ಬೆಂಕಿ ದಿನಗಟ್ಟಲೆ ಉರಿಯಿತು. ಹತ್ತಾರು ಸಾವಿರ ಜನ ಸತ್ತರು. ಅರಮನೆ, 70 ಸಾವಿರ ಗ್ರಂಥಗಳಿದ್ದುದೆಂದು ಹೇಳಲಾಗುವ ರಾಜ ಗ್ರಂಥಾಲಯ, ಇಂಡಿಯಾ ಮನೆಯ ಕಡತಗಳು ಎಲ್ಲವೂ ನಾಶವಾದವು.

ವಿದ್ಯಾರ್ಥಿ ಮಿತ್ರರೇ, ಮುಂದಿನದನ್ನು ಗಮನವಿಟ್ಟು ಓದಿ. ಆಗಿನ ಮಂತ್ರಿ ಪೊಂಬಾಲ್ ಎರಡು ಕೆಲಸ ಮಾಡಿಸಿದ. ಒಂದು, ಓಣಿಗಳ ಬದಲು ನೆಟ್ಟಗಿನ ಅಗಲ ಬೀದಿಗಳನ್ನು ಹಾಕಿಸಿ, ಗೋಡೆಗಳ ಒಳಗೆ ಮರದ ಚೌಕಟ್ಟು ಕೂರಿಸಿದ ಮನೆಗಳನ್ನು ಕಟ್ಟಿಸಿದ. ಭೂಮಿ ಅಲುಗಿದರೆ ಮರದ ಪಂಜರ ಬಾಗುತ್ತದೆ, ಮುರಿಯುವುದಿಲ್ಲ ಎಂಬುದು ಲೆಕ್ಕ. ನಾವು ಈಗ ನಡೆದು ಬಂದದ್ದು ಅದೇ ಬೀದಿಗಳಲ್ಲಿ. ಎರಡು, ದೇಶದ ಎಲ್ಲ ಚರ್ಚುಗಳಿಗೂ ಒಂದು ಪ್ರಶ್ನಾವಳಿ ಕಳಿಸಿದ. ನಡುಕ ಎಷ್ಟು ಹೊತ್ತು ಇತ್ತು? ಎಷ್ಟು ಸಲ ಆಯಿತು? ಸಮುದ್ರ ಮೊದಲು ಏರಿತೋ ಇಳಿಯಿತೋ? ನೆಲ ಎಲ್ಲಿ ಬಿರಿಯಿತು? ಎಷ್ಟು ಜನ ಸತ್ತರು? ಯಾರ ಪಾಪದಿಂದ ಹೀಗಾಯಿತು ಎಂದು ಯುರೋಪೆಲ್ಲ ಚರ್ಚೆ ನಡೆದಿದ್ದಾಗ ಈ ಪ್ರಶ್ನಾವಳಿ ಏನಾಯಿತು, ಹೇಗಾಯಿತು ಎಂದು ಕೇಳಿತು. ಅದರ ಉತ್ತರಗಳು ಇಂದಿಗೂ ಉಳಿದಿವೆ. ಭೂಕಂಪ ವಿಜ್ಞಾನದ ಚರಿತ್ರೆ ಬರೆಯುವವರು ಅವನ್ನು ಇಂದಿಗೂ ಓದುತ್ತಾರೆ. ಸರಿಯಾದ ಪ್ರಶ್ನೆ ಕೇಳುವುದೇ ವಿದ್ಯೆಯ ಅರ್ಧ ಭಾಗ.

ಮೂರು ಗಂಟೆ: ಬೆಲೆಂ

15ನೇ ನಂಬರಿನ ಟ್ರಾಮ್ ಹತ್ತಿ ನದಿಯ ದಡದಲ್ಲೇ ಪಶ್ಚಿಮಕ್ಕೆ ಹೋದರೆ ಬೆಲೆಂ. ಗಾಮಾ ಹಡಗು ಹತ್ತಿದ ಜಾಗವಿದು. ಇಲ್ಲಿನ ಜೆರೊನಿಮೋಸ್ ಮಠದ ಕಲ್ಲಿನ ಕೆತ್ತನೆ ನೋಡಿದರೆ ಕಣ್ಣು ತುಂಬುತ್ತದೆ: ಹಗ್ಗದ ಗಂಟು, ಸಮುದ್ರದ ಹವಳ, ಎಲೆ ಬಳ್ಳಿ ಎಲ್ಲವೂ ಕಲ್ಲಿನಲ್ಲಿ. 1501–02ರಲ್ಲಿ ಆರಂಭವಾಗಿ ಸುಮಾರು ನೂರು ವರ್ಷ ಕಟ್ಟಿದರು. ಹಣ ಎಲ್ಲಿಂದ? ಆಫ್ರಿಕ ಮತ್ತು ಪೂರ್ವದೇಶಗಳ ವ್ಯಾಪಾರದಲ್ಲಿ ನೂರಕ್ಕೆ ಐದರಂತೆ ಎತ್ತಿಟ್ಟ ತೆರಿಗೆಯಿಂದ. ಅಂದರೆ ಇದರ ಕಂಬಗಳಿಗೆ ಮೆಣಸಿನ ಋಣವಿದೆ. ಒಳಗೆ ಗಾಮಾನ ಸಮಾಧಿ ಇದೆ. ಅವನು 1524ರ ಡಿಸೆಂಬರಿನಲ್ಲಿ ಕೊಚ್ಚಿಯಲ್ಲಿ ಸತ್ತ. ಎಲುಬುಗಳು ಆಮೇಲೆ ಊರಿಗೆ ಬಂದವು, ಈ ಮಠಕ್ಕೆ ಬಂದದ್ದು 1880ರಲ್ಲಿ.

ಇಲ್ಲೊಂದು ಮಾತು. ಮಾಲಿಂದಿಯಿಂದ ಕಲ್ಲಿಕೋಟೆಗೆ ಗಾಮಾನಿಗೆ ದಾರಿ ತೋರಿಸಿದವನು ಅರಬ್ಬಿ ನಾವಿಕ ವಿದ್ವಾಂಸ ಅಹ್ಮದ್ ಇಬ್ನ್ ಮಾಜಿದ್ ಎಂದು ಹಲವು ಪುಸ್ತಕಗಳಲ್ಲಿ ಓದಿರುತ್ತೀರಿ. ಇಂದಿನ ಇತಿಹಾಸಕಾರರು ಇದನ್ನು ಒಪ್ಪುವುದಿಲ್ಲ. ಇಬ್ನ್ ಮಾಜಿದ್ ಸಮುದ್ರಯಾನ ಶಾಸ್ತ್ರದ ಮಹಾ ಲೇಖಕ ಎಂಬುದು ನಿಜ. ಗಾಮಾನ ಮಾರ್ಗದರ್ಶಿ ಬಹುಶಃ ಒಬ್ಬ ಗುಜರಾತಿ. ಹೆಮ್ಮೆಗಾಗಿಯೇ ಇರಲಿ, ದೂರುವುದಕ್ಕಾಗಿಯೇ ಇರಲಿ, ಆಧಾರವಿಲ್ಲದ್ದನ್ನು ಹೇಳಬಾರದು.

ನದಿಯ ಅಂಚಿನಲ್ಲಿರುವ ಬೆಲೆಂ ಗೋಪುರ 1520ರ ಹೊತ್ತಿಗೆ ಮುಗಿಯಿತು. ಅದರ ಒಂದು ಮೂಲೆಯ ಕೆಳಗೆ ಸವೆದ ಕಲ್ಲಿನ ತಲೆಯೊಂದಿದೆ. ಅದು ಘೇಂಡಾಮೃಗ! ಗುಜರಾತಿನ ಸುಲ್ತಾನ ಎರಡನೇ ಮುಜಫ್ಫರ್ ಷಾ ಉಡುಗೊರೆಯಾಗಿ ಕೊಟ್ಟ ಘೇಂಡಾಮೃಗವನ್ನು ಗೋವೆಯಿಂದ ಹಡಗಿನಲ್ಲಿ ಕಳಿಸಿದರು. 1515ರ ಮೇ 20ರಂದು ಅದು ಇಲ್ಲಿಗೆ ಬಂದಿಳಿಯಿತು. ಅದನ್ನು ಕಣ್ಣಿನಿಂದ ನೋಡದೆಯೇ ಜರ್ಮನಿಯ ಕಲಾವಿದ ಡ್ಯೂರರ್ ವರ್ಣನೆ ಮತ್ತು ಒಂದು ರೇಖಾಚಿತ್ರದ ಆಧಾರದ ಮೇಲೆ ಚಿತ್ರ ಬಿಡಿಸಿದ. ಆ ಚಿತ್ರ ಇಂದಿಗೂ ಪ್ರಸಿದ್ಧ.

ಹತ್ತಿರದಲ್ಲೇ 1837ರಿಂದ ನಡೆಯುತ್ತಿರುವ ಒಂದು ತಿಂಡಿಯ ಅಂಗಡಿ. ಮೊಟ್ಟೆ ಹಾಲಿನ ಸಣ್ಣ ಸಿಹಿ ರೊಟ್ಟಿಯ ಮೇಲೆ ದಾಲ್ಚಿನ್ನಿ ಪುಡಿ ಉದುರಿಸಿ ಕೊಡುತ್ತಾರೆ. ತಿನ್ನುತ್ತಾ ಲೆಕ್ಕ ಹಾಕಿ: ಅವರು ಒಯ್ದದ್ದು ಮೆಣಸು, ದಾಲ್ಚಿನ್ನಿ. ತಂದದ್ದೇನು? ಅಮೆರಿಕದಿಂದ ಅವರ ಹಡಗುಗಳಲ್ಲಿ ಬಂದ ಹಸಿಮೆಣಸು, ಗೇರು, ಅನಾನಸು, ಪಪ್ಪಾಯಿ, ಪೇರಲೆ, ಹೊಗೆಸೊಪ್ಪು. ಹಸಿಮೆಣಸು ಬರುವ ಮುಂಚೆ ಕನ್ನಡದಲ್ಲಿ "ಮೆಣಸು" ಎಂದರೆ ಕಪ್ಪು ಕಾಳು ಒಂದೇ. ಹೊಸದು ಬಂದು ಹೆಸರನ್ನೇ ಹಿಡಿದುಕೊಂಡ ಮೇಲೆ ಹಳೆಯದು "ಕಾಳುಮೆಣಸು" ಆಯಿತು. ಚಾವಿ, ಅಲಮಾರು, ಬಟಾಟೆ, ಪಾದ್ರಿ, ಮೇಸ್ತ್ರಿ, ಇಸ್ತ್ರಿ ಎಂದು ನಾವು ದಿನವೂ ಆಡುವ ಮಾತುಗಳು ಪೋರ್ಚುಗೀಸಿನವು. ಅವರಾದರೋ ಸಕ್ಕರೆಗೆ "ಅಸೂಕರ್", ಎಣ್ಣೆಗೆ "ಅಜೈತ್", ಗೋಡೆಯ ಬಣ್ಣದ ಹೆಂಚಿಗೆ "ಅಜುಲೇಜು" ಎನ್ನುತ್ತಾರೆ, ಎಲ್ಲವೂ ಅರಬ್ಬಿ. ಏನಾದರೂ ಒಳ್ಳೆಯದಾಗಲೆಂದು ಹಾರೈಸುವಾಗ "ಒಷಲಾ" ಎನ್ನುತ್ತಾರೆ. ದೇವರು ಬಯಸಿದರೆ ಎಂಬ ಅರಬ್ಬಿ ಮಾತೇ ಅದು. ದೊರೆಗಳು ಜನರನ್ನು ಊರಿನಿಂದ ಹೊರಗಟ್ಟಬಹುದು, ನಾಲಗೆಯ ಮೇಲಿನ ಮಾತನ್ನು ಹೊರಗಟ್ಟಲು ಆಗುವುದಿಲ್ಲ.

ಸಂಜೆ: ಬರೆದಿಟ್ಟವರು, ಬರೆದಿಡದವರು

ಹಡಗು ಹೊರಡಲು ಇನ್ನು ಸ್ವಲ್ಪವೇ ಹೊತ್ತು. ನಗರದ ವಿಶ್ವವಿದ್ಯಾಲಯದ ಬದಿಯಲ್ಲಿ ಒಂದು ಕಟ್ಟಡವಿದೆ: ತೋರೆ ದೊ ತೊಂಬೊ, ದೇಶದ ದಾಖಲೆಗಳ ಭಂಡಾರ. ಮೊದಲು ಇದು ಕೋಟೆಯ ಒಂದು ಗೋಪುರದಲ್ಲಿತ್ತು. 1755ರಲ್ಲಿ ಗೋಪುರ ಬಿತ್ತು. ಅದರ ಅಧಿಕಾರಿ ಮನುವೆಲ್ ದ ಮಾಯಾ ಆಗ ಎಪ್ಪತ್ತು ದಾಟಿದ ಮುದುಕ. ಅವಶೇಷಗಳಡಿಯಿಂದ ಕಾಗದಗಳನ್ನು ಹೆಕ್ಕಿಸಿ, ಮರದ ಗುಡಿಸಲಿನಲ್ಲಿಟ್ಟು ಕಾಪಾಡಿದ. 1990ರಿಂದ ಅವು ಈಗಿನ ಕಟ್ಟಡದಲ್ಲಿವೆ. ಗೋವೆಯಿಂದ ಬಂದ ಪತ್ರಗಳ ಸಂಪುಟಗಳೂ ಅದರಲ್ಲಿವೆ. ನಮ್ಮ ಕರಾವಳಿಯ ಬಂದರು, ಅರಸರು, ಅಕ್ಕಿ, ಮೆಣಸು ಎಲ್ಲವೂ ಅಲ್ಲಿ ಸಿಗುತ್ತವೆ, ಆದರೆ ಅವರ ಭಾಷೆಯಲ್ಲಿ, ಅವರ ಕಣ್ಣಿನಿಂದ.

ಹಾಗಾದರೆ ನಮ್ಮ ಕಡೆ ವಿದ್ಯೆ ಇರಲಿಲ್ಲವೇ? ಇತ್ತು. 1342ರ ಸುಮಾರಿಗೆ ಹೊನ್ನಾವರಕ್ಕೆ ಬಂದ ಇಬ್ನ್ ಬತೂತಾ, ಆ ಒಂದೇ ಊರಿನಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಶಾಲೆಗಳನ್ನು ಕಂಡೆನೆಂದೂ, ಇಂಥದ್ದನ್ನು ಬೇರೆಲ್ಲೂ ಕಾಣಲಿಲ್ಲವೆಂದೂ ಹೇಳಿದ್ದಾನೆ. ಅಲ್ಲಿನ ಹೆಂಗಸರು ಕುರ್‌ಆನ್ ಕಂಠಪಾಠ ಮಾಡಿದವರು ಎಂದೂ ಹೇಳಿದ್ದಾನೆ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಹೊನ್ನಾವರದಿಂದ ದೋಣಿಯಲ್ಲಿ ಗೇರುಸೊಪ್ಪೆಗೆ ಬಂದು, ಪಾಳುಬಿದ್ದ ಆ ನಗರವನ್ನು ನೋಡಿ, ಘಟ್ಟ ಹತ್ತಿ ಇಕ್ಕೇರಿಗೆ ಹೋದ. ಘಟ್ಟದ ದಾರಿಯ ಒಂದು ದೇವಸ್ಥಾನದ ಜಗಲಿಯಲ್ಲಿ ನಾಲ್ಕು ಜನ ಹುಡುಗರು ನೆಲದ ಮೇಲೆ ನುಣುಪು ಮರಳು ಹರಡಿ, ರಾಗವಾಗಿ ಹೇಳುತ್ತಾ, ಬೆರಳಿನಿಂದ ಅಂಕೆ ಬರೆದು ಲೆಕ್ಕ ಕಲಿಯುವುದನ್ನು ಕಂಡ. ಗುರುಗಳಿಲ್ಲದಾಗ ತಪ್ಪಿದರೆ ತಿದ್ದುವವರು ಯಾರು ಎಂದು ಕೇಳಿದ. ನಾಲ್ವರಿಗೂ ಒಟ್ಟಿಗೆ ಮರೆತುಹೋಗುವುದುಂಟೇ ಎಂಬರ್ಥದ ಉತ್ತರ ಕೊಟ್ಟರಂತೆ. ನಮ್ಮ ಘಟ್ಟದ ಮಕ್ಕಳ ಜಾಣತನಕ್ಕೆ ಇದಕ್ಕಿಂತ ಒಳ್ಳೆಯ ಪ್ರಶಸ್ತಿ ಪತ್ರ ಬೇಕೇ?

ಆದರೆ ನೋಡಿ. ಹೊನ್ನಾವರದ ಆ 13 ಶಾಲೆಗಳಲ್ಲಿ ಒಂದರ ಹೆಸರಾದರೂ ನಮಗೆ ಗೊತ್ತೇ? ಕಲಿಸಿದ ಒಬ್ಬ ಉಸ್ತಾದರ, ಕಲಿತ ಒಬ್ಬ ಹುಡುಗಿಯ ಹೆಸರು? ಗೊತ್ತಿಲ್ಲ. ಮೊರಾಕ್ಕೊದ ಒಬ್ಬ ಪ್ರಯಾಣಿಕ ಹಾದುಹೋಗದೆ ಇದ್ದಿದ್ದರೆ ಶಾಲೆಗಳಿದ್ದವು ಎಂಬುದೂ ಗೊತ್ತಾಗುತ್ತಿರಲಿಲ್ಲ. ಮರಳಿನ ಮೇಲಿನ ಅಂಕೆ ಗಾಳಿಗೆ ಹೋಯಿತು. ಬೆಳಿಗ್ಗೆ ಹೇಳಿದ ಆ ಎಂಟು ನಾವಿಕರ ಕಥೆಯೇ ಇದು.

ಬರೆದಿಟ್ಟವರೂ ನಮ್ಮಲ್ಲಿದ್ದರು. 16ನೇ ಶತಮಾನದ ಕೊನೆಯಲ್ಲಿ ಪೊನ್ನಾನಿಯ ಶೇಖ್ ಜೈನುದ್ದೀನ್ ಮಖ್ದೂಮರು ಮಲಬಾರಿನಲ್ಲಿ ಪೋರ್ಚುಗೀಸರು ನಡೆದುಕೊಂಡ ರೀತಿಯನ್ನು "ತುಹ್ಫತುಲ್ ಮುಜಾಹಿದೀನ್" ಎಂಬ ಅರಬ್ಬಿ ಗ್ರಂಥದಲ್ಲಿ ದಾಖಲಿಸಿದರು. ಅಲ್ಲಿನ ಅರಸ ಸಾಮೂದಿರಿ ಮುಸ್ಲಿಮರನ್ನು ಕಾಪಾಡಿದ್ದನ್ನೂ ಅಷ್ಟೇ ಕೃತಜ್ಞತೆಯಿಂದ ಬರೆದರು. 1898ರಲ್ಲಿ ದಾವಿದ್ ಲೋಪಿಶ್ ಎಂಬ ಪೋರ್ಚುಗೀಸ್ ವಿದ್ವಾಂಸ ಅದನ್ನು ಪೋರ್ಚುಗೀಸಿಗೆ ಅನುವಾದಿಸಿ ಇದೇ ಲಿಸ್ಬನ್ನಿನಲ್ಲಿ ಅಚ್ಚು ಹಾಕಿಸಿದ. ಗಾಮಾನ ಯಾನಕ್ಕೆ 400 ವರ್ಷ ತುಂಬಿದ ಸಂಭ್ರಮದ ಕಾಲವದು. ಸಂಭ್ರಮದ ನಡುವೆ ಎದುರಾಳಿಯ ಸಾಕ್ಷ್ಯವನ್ನೂ ಓದಬೇಕೆಂದು ಒಬ್ಬ ವಿದ್ವಾಂಸನಿಗೆ ಅನಿಸಿತು. ಬರೆದದ್ದು ಇತ್ತು, ಆದ್ದರಿಂದ ಓದುವವನೂ ಸಿಕ್ಕಿದ.

ಹೇರೂರಿಗೆ ಮರಳಿ

ಹಡಗು ಕೂಗುತ್ತಿದೆ, ಹತ್ತೋಣ. ಈ ಒಂದು ದಿನದಿಂದ ನಾವು ಮನೆಗೆ ಏನು ಒಯ್ಯಬೇಕು? ಸೇಡಲ್ಲ. ಆ ನಗರವೇ ಗೆದ್ದು, ಸೋತು, ನಡುಗಿ, ಸುಟ್ಟು, ಮತ್ತೆ ಎದ್ದದ್ದನ್ನು ಕಂಡಿದ್ದೇವೆ. ಬರಿಯ ಹೆಮ್ಮೆಯೂ ಅಲ್ಲ. ಒಂದಿಷ್ಟು ಕೆಲಸವನ್ನು ಒಯ್ಯೋಣ.

ಲಿಸ್ಬನ್ ದೂರ, ಪಣಜಿ ದೂರವಲ್ಲ. ಅಲ್ಲಿನ ದಾಖಲೆ ಭಂಡಾರದಲ್ಲಿ "ನೆರೆಯ ಅರಸರು" ಎಂಬ ಹೆಸರಿನ ಕಡತಗಳ ಸಾಲೇ ಇದೆ. ನಮ್ಮ ಸೋಂದೆ, ಕೆಳದಿಗಳಂಥ ನೆರೆಯ ರಾಜ್ಯಗಳೊಡನೆ ನಡೆದ ವ್ಯವಹಾರ ಅದರಲ್ಲಿದೆ. ಬಿ. ಎಸ್. ಶಾಸ್ತ್ರಿಯವರಂಥ ವಿದ್ವಾಂಸರು ಪೋರ್ಚುಗೀಸ್ ಮೂಲಗಳನ್ನು ಓದಿ ಗೋವೆ ಮತ್ತು ಕೆನರಾ ಸಂಬಂಧದ ಇತಿಹಾಸ ಬರೆದರು. ಅವರ ದಾರಿಯಲ್ಲಿ ನಡೆಯಲು ನಮ್ಮ ತಾಲ್ಲೂಕುಗಳಿಂದ ಇನ್ನೂ ಎಷ್ಟು ಮಂದಿ ಬೇಕು! ಪಿ.ಯು.ಸಿ. ಮುಗಿಸಿ ಮುಂದೇನು ಎಂದು ಕೇಳುವ ತಂಗಿ ತಮ್ಮಂದಿರೇ, ಡಾಕ್ಟರು, ಇಂಜಿನಿಯರು ಆಗಿ, ಸಂತೋಷ. ನಿಮ್ಮಲ್ಲಿ ಒಬ್ಬರಾದರೂ ಅರಬ್ಬಿಯನ್ನೋ, ಪಾರ್ಸಿಯನ್ನೋ, ಪೋರ್ಚುಗೀಸನ್ನೋ ಚೆನ್ನಾಗಿ ಕಲಿತು ಆ ಕಾಗದಗಳ ಮುಂದೆ ಕುಳಿತುಕೊಳ್ಳಿ.

ಅದಕ್ಕೂ ಮೊದಲು ಇನ್ನೊಂದು ಕೆಲಸವನ್ನು ಈ ರಜೆಯಲ್ಲೇ ಮಾಡಬಹುದು. ಅಟ್ಟದ ಮೇಲಿನ ಅಜ್ಜನ ಕಾಲದ ಕಿರ್ದಿ ಪುಸ್ತಕ, ಜಮಾತಿನ ಹಳೆಯ ನಿಕಾಹ್ ರಿಜಿಸ್ಟರು, ಶಾಲೆಯ ಮೊದಲ ಹಾಜರಿ ಪುಸ್ತಕ, ಅಡಿಕೆ ಮೆಣಸು ಮಾರಿದ ಚೀಟಿಗಳು – ಗೆದ್ದಲು ಹಿಡಿಯುವ ಮೊದಲು ಅವನ್ನು ಕೆಳಗಿಳಿಸಿ, ಧೂಳು ಒರೆಸಿ, ಒಂದೊಂದು ಪುಟದ ಫೋಟೋ ತೆಗೆದಿಡಿ. ಅಜ್ಜಿಯ ಹತ್ತಿರ ಕುಳಿತು ಅವರು ಯಾರ ಹತ್ತಿರ ಓದು ಕಲಿತರು ಎಂದು ಕೇಳಿ. ಆ ಉಸ್ತಾದರ ಹೆಸರನ್ನು ಬರೆದುಕೊಳ್ಳಿ, ಕೆಳಗೆ ತಾರೀಖು ಹಾಕಿ.

ಜೇಬಿನ ಮೆಣಸು ಅಲ್ಲೇ ಇದೆಯಲ್ಲ? ಅದನ್ನು ಕೊಯ್ದವರ ಹೆಸರಿನಿಂದಲೇ ಬರೆಯಲು ಶುರು ಮಾಡಿ.